ಬಂಗಾರಪೇಟೆಯಲ್ಲಿ ಐದು ನಿಮಿಷ

ಚಿನ್ನದ ಗಣಿಯ ಕೆಲಸಗಾರರಿಗೆಂದು ಕಟ್ಟಿದ ಕೋರಮಂಡಲ್ ಲೈನುಮನೆಗಳಲ್ಲಿ ಕದಿರಮ್ಮನ ಪಾಲಿಗೆ ಬಂದದ್ದು ಅರವತ್ತೆರಡು ಮನೆ. ವಾರಕ್ಕೊಮ್ಮೆ ಆ ಮನೆಗಳಿಗೆಲ್ಲ ಹೋಗಿ, ಜಗಲಿಯ ಮೇಲೆ ಕೂತು, ಇದ್ದವರ ತೋಳಿಗೆ ಪಟ್ಟಿ ಸುತ್ತಿ, ಬೀಪಿ ನೋಡಿ ಬರೆದುಕೊಳ್ಳುವುದು ಅವಳ ಕೆಲಸ. ಬಂಗಾರಪೇಟೆಯಲ್ಲಿ ಕಚೇರಿ ಮಾಡಿಕೊಂಡಿದ್ದ ಒಂದು ಆರೋಗ್ಯ ಸಂಸ್ಥೆಯವರು ನಾಲ್ಕು ವರ್ಷದ ಹಿಂದೆ ಲೈನಿಗೊಬ್ಬಳಂತೆ ಹೆಂಗಸರನ್ನು ಆರಿಸಿ ಇದನ್ನು ಕಲಿಸಿದ್ದರು. ಒಂದು ಮಿಷಿನ್ನು, ಒಂದು ನೀಲಿ ಚೀಲ, ಒಂದು ಉದ್ದನೆಯ ಪುಸ್ತಕ ಕೊಟ್ಟಿದ್ದರು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಆ ಮನೆಯ ಮುಂದೆ ‘ಬೀಗ’ ಎಂದು ಬರೆದು ಮುಂದಕ್ಕೆ ಹೋಗಬೇಕೆಂದು ಹೇಳಿದ್ದರು. ಕದಿರಮ್ಮನ ಪುಸ್ತಕದಲ್ಲಿ ಇಪ್ಪತ್ತೇಳು ಮನೆಗಳ ಮುಂದೆ ವಾರ ವಾರವೂ ಬೀಗವೇ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಸೈರನ್ನು ಕೂಗಿದರೆ ಗಂಡಸರು ಭೂಮಿಯೊಳಕ್ಕೆ ಇಳಿಯುತ್ತಿದ್ದರು. ಕದಿರಮ್ಮನ ಗಂಡ ಪೆರುಮಾಳ್ ಇಪ್ಪತ್ತೆರಡು ವರ್ಷ ಹಾಗೆ ಇಳಿದು, ಎದೆಯ ತುಂಬ ಕಲ್ಲುಪುಡಿ ತುಂಬಿಕೊಂಡು ತೀರಿಹೋಗಿದ್ದ. ಗಣಿ ಮುಚ್ಚಿದ ಮೇಲೆ ಆ ಗಂಡಸರ ಹೆಣ್ಣುಮಕ್ಕಳೂ ಸೊಸೆಯಂದಿರೂ ರೈಲು ಹಿಡಿದರು. ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ಗಾಡಿ ಹತ್ತಿ ಬೆಂಗಳೂರಿಗೆ ಹೋಗಿ, ಕಸ ಗುಡಿಸಿ, ಬಟ್ಟೆ ಹೊಲಿದು, ಗಾರೆ ಹೊತ್ತು, ದೀಪ ಹಚ್ಚುವ ಹೊತ್ತು ಮೀರಿದ ಮೇಲೆ ಮನೆ ಸೇರುತ್ತಾರೆ. ಬೀಗ ಬಿದ್ದ ಮನೆಗಳೆಲ್ಲ ಇವರದೇ. ಕದಿರಮ್ಮನ ಮಗಳು ಸೆಲ್ವಿಯ ಮನೆಯೂ ಅದರಲ್ಲಿ ಒಂದಾಗಿತ್ತು. ಹೋದ ವರ್ಷ ಪುಷ್ಯದಲ್ಲಿ ಸೆಲ್ವಿ ತೀರಿಕೊಂಡಳು. ಅವಳ ಹೆಸರಿನ ಮುಂದೆ ಅದಕ್ಕೂ ಹಿಂದಿನ ನಾಲ್ಕು ವಾರವೂ ತಾಯಿಯ ಕೈಬರಹದಲ್ಲಿಯೇ ‘ಬೀಗ’ ಎಂದಿತ್ತು.

ಈ ವರ್ಷ ಕಾರ್ತಿಕದ ಕೊನೆಯಲ್ಲಿ ಸಂಸ್ಥೆಯ ಮೇಲ್ವಿಚಾರಕ ವಿಜಯಕುಮಾರ್ ಎಲ್ಲರನ್ನೂ ಬಂಗಾರಪೇಟೆಯ ಕಚೇರಿಗೆ ಕರೆಸಿದ. ಗೋಡೆಗೆ ದೊಡ್ಡದೊಂದು ನಕ್ಷೆ ಅಂಟಿಸಿ, ಕಾರ್ಯಕ್ರಮವನ್ನು ಇನ್ನೂ ಹೆಚ್ಚು ಜನಕ್ಕೆ ಮುಟ್ಟಿಸಬೇಕಾಗಿದೆ, ಸಂಕ್ರಾಂತಿಯೊಳಗೆ ಹದಿನೆಂಟು ಹಳ್ಳಿ ಸೇರಿಸುತ್ತೇವೆ ಎಂದು ಒಂದೊಂದೇ ಹಳ್ಳಿಯನ್ನು ಕೋಲಿನಿಂದ ಮುಟ್ಟಿ ತೋರಿಸಿದ. ಚಹಾ ಬಂತು. ಕದಿರಮ್ಮ ಲೋಟ ಕೆಳಗಿಟ್ಟು ಕೇಳಿದಳು.

"ಸಾರ್, ಅದ್ನೆಂಟು ಊರು ಸೇರಿಸ್ತೀರ, ಒಳ್ಳೇದೇ. ಅಲ್ಲೂ ನಾವು ಓಗೋದು ಅನ್ನೊಂದು ಗಂಟೆಗೇ ತಾನೆ. ಅಷ್ಟೊತ್ನಲ್ಲಿ ಮನೇಲಿ ಯಾರಿರ್ತಾರೆ?"

"ಇರೋರು ಇರ್ತಾರಮ್ಮ."

"ನಮ್ ಲೈನಲ್ಲಿ ಇರೋರು ಅಂದ್ರೆ ನಾನು, ನನ್ ಮೇಕೆ. ಮೇಕೆಗೆ ಬೀಪಿ ಇಲ್ಲ ಸಾರ್."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ವಿಜಯಕುಮಾರನೂ ನಕ್ಕ. ಕೆಟ್ಟ ಮನುಷ್ಯನಲ್ಲ ಅವನು. ಮೇಲಿನವರು ಕೇಳುವ ಅಂಕಿಗಳಿಗೆ ಹೆದರುವವನು.

"ಕೆಲಸ ಮಾಡೋ ಎಂಗಸ್ರೆಲ್ಲ ರೈಲಲ್ಲವ್ರೆ ಸಾರ್. ನಮ್ಮೋರೂ ಅಲ್ಲೇ, ನೀವು ಕೋಲಲ್ಲಿ ತೋರಿಸಿದ್ರಲ್ಲ, ಆ ಊರೋರೂ ಅಲ್ಲೇ. ಮಿಷಿನ್ ರೈಲಿಗೆ ತಗೊಂಡೋಗ್ತೀನಿ."

"ರೈಲು ನಮ್ಮ ಏರಿಯಾ ಅಲ್ಲಮ್ಮ. ಅಲ್ಲಾಡೋ ಗಾಡೀಲಿ ನೋಡಿದ ನಂಬರನ್ನ ಯಾರು ಒಪ್ತಾರೆ?"

"ಬಂಗಾರಪೇಟೇಲಿ ನಿಲ್ತದಲ್ಲ. ಎದುರುಗಡೆ ಗಾಡಿ ದಾಟೋಗಂಟ ಇಪ್ಪತ್ ನಿಮಿಷ ಕದಲಲ್ಲ ಅದು."

"ಗಲಾಟೇಲಿ ಮಿಷಿನ್ ಕಳೆದೋದ್ರೆ ನಾನು ಉತ್ತರ ಹೇಳ್ಬೇಕು. ಬೇಡ. ಬೀಗ ಅಂತ ಬರೀರಿ, ಸಾಕು."

ಕದಿರಮ್ಮ ಪುಸ್ತಕವನ್ನು ಮಡಿಚಿ ಮೇಜಿನ ಮೇಲಿಟ್ಟಳು. "ಆ ಮಾತು ನಾನಿನ್ ಬರ‍್ಯಲ್ಲ ಸಾರ್," ಎಂದಳು. ಮತ್ತೆ ಏನು ನೆನೆಸಿಕೊಂಡಳೋ, ಪುಸ್ತಕವನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು ಎದ್ದಳು.

ಮಾರನೆಯ ವಾರ ಅವಳು ಮಾಲೆ ಹಾಕಿಸಿಕೊಂಡಳು.

ಆ ಕಡೆಯ ಹೆಂಗಸರು ಮಾರ್ಗಶಿರ ಬಂತೆಂದರೆ ಕೆಂಪು ಸೀರೆ ಉಟ್ಟು, ಕೊರಳಿಗೆ ಮಣಿಮಾಲೆ ಹಾಕಿಸಿಕೊಂಡು ಅಮ್ಮನವರ ವ್ರತ ಹಿಡಿಯುತ್ತಾರೆ. ನಲವತ್ತೆಂಟು ದಿನ ಒಪ್ಪೊತ್ತಿನ ಊಟ, ಚಾಪೆಯ ಮೇಲೆ ಮಲಗುವುದು, ತಣ್ಣೀರ ಸ್ನಾನ. ಮಾಲೆ ಹಾಕಿದ ಮೇಲೆ ಒಬ್ಬರ ಹೆಸರನ್ನು ಒಬ್ಬರು ಹಿಡಿಯುವಂತಿಲ್ಲ; ಎಲ್ಲರೂ ಎಲ್ಲರಿಗೂ ಶಕ್ತಿ, ಹೆಚ್ಚೆಂದರೆ ಅಕ್ಕ, ಅತ್ತೆ. ಬೆಳಗಿನ ಗಾಡಿಯ ಮೂರನೆಯ ಡಬ್ಬಿ ಇವರದು. ಕಿಟಕಿಯ ಪಕ್ಕ ಅಮ್ಮನವರ ಪಟ ಕಟ್ಟಿ, ಬೇವಿನೆಲೆ ಸಿಕ್ಕಿಸಿ, ಬೆಂಗಳೂರಿನ ತನಕ ತಾಳ ಹಾಕಿಕೊಂಡು ಭಜನೆ ಮಾಡುತ್ತ ಹೋಗುವರು. ಅವರಿಗೆಲ್ಲ ಮಾಲೆ ಹಾಕುವವಳು ಚಾಂಪಿಯನ್ ಸ್ಟೇಷನ್ನಿನಲ್ಲಿ ಹತ್ತುವ ಅಮ್ಮಾಜಮ್ಮ. ವಯಸ್ಸು ಅರವತ್ತೈದು ದಾಟಿದರೂ ಬೆಂಗಳೂರಿನ ಒಂದು ದೊಡ್ಡ ಕಟ್ಟಡದಲ್ಲಿ ನೆಲ ಒರೆಸುವ ಕೆಲಸ ಬಿಟ್ಟವಳಲ್ಲ. ಎತ್ತರದ ಆಳು, ಗಂಟೆಯಂಥ ದನಿ. ಇಪ್ಪತ್ತೊಂದು ಸಲ ವ್ರತ ಮಾಡಿದವಳೆಂದು ಟಿಕೆಟು ನೋಡುವವರು ಕೂಡ ಅವಳಿಗೆ ಕೈ ಮುಗಿಯುತ್ತಿದ್ದರು.

ವ್ರತದಲ್ಲಿ ಮಾತ್ರೆ ನುಂಗುವುದು ಆ ಡಬ್ಬಿಯಲ್ಲಿ ಇರಲಿಲ್ಲ. ಅದು ಅಮ್ಮಾಜಮ್ಮ ಮಾಡಿದ ಕಟ್ಟಳೆಯಲ್ಲ. ಅವಳಿಗಿಂತ ಮುಂಚಿನಿಂದಲೂ ಬಂದದ್ದು. ಮೈಯನ್ನು ಅಮ್ಮನಿಗೆ ಒಪ್ಪಿಸಿದ ಮೇಲೆ ಮತ್ತೆ ಔಷಧಿ ತಿಂದರೆ ಒಪ್ಪಿಸಿದ್ದು ಸುಳ್ಳಾಗುತ್ತದೆಂದು ಕೆಲವರು, ಮಾತ್ರೆಯೊಳಗೆ ಯಾವ ಪ್ರಾಣಿಯ ಏನು ಬೆರೆಸಿರುತ್ತಾರೋ ಎಂದು ಇನ್ನು ಕೆಲವರು. ಹೀಗಾಗಿ ಬೀಪಿಯವರು, ಸಕ್ಕರೆ ಕಾಯಿಲೆಯವರು ಮಾತ್ರೆಯ ಹಾಳೆಗಳನ್ನು ಅರಿಶಿನ ಕುಂಕುಮ ಹಚ್ಚಿ ದೇವರ ಗೂಡಿನಲ್ಲಿಟ್ಟು ಕೈ ಮುಗಿದು ರೈಲು ಹತ್ತುವರು.

ಮಗಳನ್ನು ಕಳೆದುಕೊಂಡವಳು ಮತ್ತೆ ಯಾವ ಮುಖ ಹೊತ್ತು ಅಮ್ಮನ ಮಾಲೆ ಹಾಕಿಸಿಕೊಂಡಳೆಂದು ಲೈನಿನಲ್ಲಿ ಕೆಲವರು ಆಡಿಕೊಂಡರು. ಕದಿರಮ್ಮ ಕೇಳಿಯೂ ಕೇಳದವಳಂತಿದ್ದಳು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ತಲೆಗೆ ನೀರು ಹಾಕಿಕೊಂಡು, ದೀಪ ಹಚ್ಚಿ, "ತಾಯೀ, ನಿನ್ ಮೇಲೆ ನಂಗೆ ಸಿಟ್ಟಿಲ್ಲ. ನನ್ ಜೊತೇಲಿ ರೈಲಿಗೆ ಬಾ," ಎಂದು ಹೇಳಿ, ನೀಲಿ ಚೀಲ ಹೆಗಲಿಗೆ ಹಾಕಿಕೊಂಡು ಕೋರಮಂಡಲ್ ಸ್ಟೇಷನ್ನಿಗೆ ನಡೆದಳು. ಬಂಗಾರಪೇಟೆಯ ತನಕ ಟಿಕೆಟು ತೆಗೆದಳು.

ಮೊದಲನೆಯ ದಿನ ಮೂರನೆಯ ಡಬ್ಬಿಯವರು ಅವಳಿಗೆ ಜಾಗ ಬಿಟ್ಟರು, ತಾಳ ಕೊಟ್ಟರು. ಅವಳೂ ಹಾಡಿದಳು. ಗಾಡಿ ಬಂಗಾರಪೇಟೆಯಲ್ಲಿ ನಿಂತಾಗ ಸುತ್ತಲ ಹಳ್ಳಿಗಳ ಹೆಂಗಸರು ಬುತ್ತಿಚೀಲ ಹಿಡಿದು ಹತ್ತಿದರು. ಆಗ ಕದಿರಮ್ಮ ಮಿಷಿನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಸಕ್ತಿಗಳಾ, ಒಂದೈದು ನಿಮಿಷ ಬಾಯಲ್ಲಿ ಬೇಡ, ಮನಸ್ನಲ್ಲೇ ಅಮ್ಮನ್ ನಾಮ ಏಳಿ. ಆಡ್ತಾ ಇದ್ರೆ ಬೀಪಿ ಸರ‍್ಯಾಗಿ ತೋರ‍್ಸಲ್ಲ ಇದು. ಕಾಲು ಕೆಳಗಿಟ್ಕೊಂಡು ನೆಟ್ಟಗೆ ಕೂತ್ಕೊಳ್ಳಿ."

ಮಾಲೆ ಹಾಕಿಕೊಂಡವಳು ಹೇಳಿದ ಮಾತು, ಅದೂ ನಾಮ ಹೇಳಿರೆಂದು ಹೇಳಿದ್ದು, ಯಾರೂ ಎದುರಾಡಲಿಲ್ಲ. ತಾಳಗಳು ನಿಂತವು. ಐದು ನಿಮಿಷ ಕಳೆದ ಮೇಲೆ ಅವಳು ಹತ್ತಿರವಿದ್ದವಳ ತೋಳಿಗೆ ಪಟ್ಟಿ ಸುತ್ತಿದಳು. ಗಾಡಿ ಹೊರಡುವುದರೊಳಗೆ ಏಳು ಜನರದ್ದು ಆಯಿತು. ಏಳನೆಯವಳು ಮುನಿಲಕ್ಷ್ಮಿ, ಬಂಗಾರಪೇಟೆಯ ಪಕ್ಕದ ಹಳ್ಳಿಯವಳು. ಎರಡು ಹಸುವಿನ ಹಾಲು ಕರೆದು ಡೇರಿಗೆ ಹಾಕಿ, ಓಡಿ ಬಂದು ಗಾಡಿ ಹತ್ತುವವಳು. ಮೂವತ್ತಾರು ವಯಸ್ಸು, ಸೆಲ್ವಿಯದೂ ಅದೇ ವಯಸ್ಸಾಗಿತ್ತು. ಮಿಷಿನ್ನಿನಲ್ಲಿ ನೂರ ತೊಂಬತ್ತೆಂಟು, ಕೆಳಗೆ ನೂರ ಹದಿನಾಲ್ಕು ಎಂದು ಬಂತು. ಕದಿರಮ್ಮ ಪಟ್ಟಿ ಬಿಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸುತ್ತಿದಳು. ನೂರ ತೊಂಬತ್ತಾರು.

"ಮಾತ್ರೆ ಬರ‍್ಕೊಟ್ಟವ್ರಾ ನಿಂಗೆ?"

"ಕೊಟ್ಟವ್ರತ್ತೆ. ಆಸ್ಪತ್ರೇಲಿ."

"ಎಲ್ಲಿಟ್ಟಿದ್ದೀಯ?"

ಮುನಿಲಕ್ಷ್ಮಿ ಅಮ್ಮಾಜಮ್ಮನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಗೂಡಲ್ಲಿ. ಅಮ್ಮನ್ ಪಾದದತ್ರ," ಎಂದಳು.

ಕದಿರಮ್ಮನ ಕೈ ಪಟ್ಟಿಯ ಮೇಲೆ ಹಾಗೆಯೇ ನಿಂತಿತು. ಮತ್ತೆ ಮೆಲ್ಲಗೆ, "ನಾಳೆ ಬರೋವಾಗ ತಗೊಂಬಾ," ಎಂದಳು.

ಅಮ್ಮಾಜಮ್ಮನಿಗೆ ಇಷ್ಟು ಕೇಳಿಸಿತು. "ಯಾಕೆ ತರ್ಬೇಕು? ನಲವತ್ತೆಂಟು ದಿನ ಅವಳನ್ನ ಅಮ್ಮ ನೋಡ್ಕೊಳ್ತಾಳೆ. ನಿನ್ ಮಿಷಿನ್ ನೋಡ್ಕೊಳ್ತದಾ ಕದಿರಮ್ಮಾ?"

ಹೆಸರು ಹಿಡಿದು ಕರೆದಳು. ಇಡೀ ಡಬ್ಬಿ ಅದನ್ನು ಗಮನಿಸಿತು. ಗಾಡಿ ಕೂಗು ಹಾಕಿದ್ದರಿಂದ ಕದಿರಮ್ಮ ಉತ್ತರ ಕೊಡದೆ ಇಳಿಯಬೇಕಾಯಿತು.

ಆ ದಿನವೇ ಮಧ್ಯಾಹ್ನ ವಿಜಯಕುಮಾರನ ಫೋನು ಬಂತು. ಡಬ್ಬಿಯಲ್ಲಿ ಯಾರೋ ವಿಡಿಯೊ ಮಾಡಿ ಹರಡಿದ್ದರು. ಹೇಳಿದ ಮಾತು ಮೀರಿದ್ದೀರಿ, ದೇವರ ವಿಷಯದಲ್ಲಿ ಜಗಳವಾದರೆ ಹದಿನೆಂಟು ಹಳ್ಳಿಯ ಬಾಗಿಲೂ ನಮಗೆ ಮುಚ್ಚುತ್ತದೆ, ಮಿಷಿನ್ನನ್ನು ತಂದು ಕಚೇರಿಗೆ ಒಪ್ಪಿಸಿ ಎಂದ. ಅವನ ದನಿಯಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚಾಗಿತ್ತು.

"ನಂಗೆ ಬರೋಕೆ ಪುರುಸೊತ್ತಿಲ್ಲ ಸಾರ್," ಎಂದಳು ಕದಿರಮ್ಮ. "ಬೇಕಂದ್ರೆ ನಾಳೆ ಬೆಳಗ್ಗೆ ಮೂರನೇ ಡಬ್ಬಿಗೆ ಬಂದು ಇಸ್ಕೊಳ್ಳಿ."

ಸಂಜೆ ಅವಳು ಮಗಳ ಮನೆಯ ಬಾಗಿಲು ತೆರೆದು ಒಳಗೆ ಹೋದಳು. ಅಳಿಯ ಮಕ್ಕಳನ್ನು ಕರೆದುಕೊಂಡು ತನ್ನ ತಾಯಿಯ ಊರಿಗೆ ಹೋಗಿ ವರ್ಷವಾಗುತ್ತ ಬಂದಿತ್ತು. ದೇವರ ಗೂಡಿನಲ್ಲಿ ಸೆಲ್ವಿಯ ಮಾತ್ರೆಯ ಹಾಳೆ ಇನ್ನೂ ಇತ್ತು. ಕುಂಕುಮ ಒಣಗಿ ಕಪ್ಪಾಗಿತ್ತು. ಮೂವತ್ತು ಗುಳಿಗಳಲ್ಲಿ ಮೂವತ್ತು ಬಿಳಿ ಮಾತ್ರೆಗಳು ಹಾಗೆಯೇ ಇದ್ದವು. ಅದನ್ನು ತೆಗೆದು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ಎರಡನೆಯ ದಿನ ಗಾಡಿ ಬಂಗಾರಪೇಟೆಗೆ ಬಂದಾಗ ಮೊದಲು ಹತ್ತಿದವಳು ಸಹನ. ಕಚೇರಿಯಲ್ಲಿ ಪುಸ್ತಕಗಳನ್ನು ನೋಡಿಕೊಳ್ಳುವ ಹುಡುಗಿ, ನರ್ಸಿಂಗ್ ಓದಿದವಳು. ಕದಿರಮ್ಮನಿಗೆ ಮಿಷಿನ್ನು ಹಿಡಿಯಲು ಕಲಿಸಿದವಳೂ ಅವಳೇ. ಮುಖ ಎತ್ತಲಾರದೆ, "ಅಮ್ಮ, ಸಾರ್ ಕಳಿಸಿದ್ರು," ಎಂದಳು.

"ಗೊತ್ತು ಪಾಪ. ಕೂತ್ಕೋ. ಐದು ನಿಮಿಷ ಆಗ್ಲಿ."

"ಐದು ನಿಮಿಷ ಏನೂ ಆಗಲ್ಲ," ಎಂದು ಅಮ್ಮಾಜಮ್ಮ ಎದ್ದು ನಿಂತಳು. ಪಟದ ಮುಂದಿನಿಂದ ತೀರ್ಥದ ತಂಬಿಗೆ ತೆಗೆದು ಕೈಯಲ್ಲಿ ಹಿಡಿದಿದ್ದಳು. "ಇಪ್ಪತ್ತೊಂದು ವರ್ಷದಿಂದ ಈ ಡಬ್ಬೀಲಿ ಭಜನೆ ನಿಂತಿಲ್ಲ, ನಿನ್ನೆ ನಿಲ್ಲಿಸ್ದೆ ನೀನು. ಮಾಲೆ ಆಕ್ಕೊಂಡಿದ್ದೀಯ ಅಂತ ಸುಮ್ಕಿದ್ದೆ. ಎರಡ್ರಲ್ಲಿ ಒಂದು ಮಾಡು ಕದಿರಮ್ಮಾ. ಮಿಷಿನ್ ಕೊಟ್ ಕಳ್ಸು, ಇಲ್ಲ ಮಾಲೆ ಬಿಚ್ಚು. ಆ ಹುಡುಗಿ ತಗೊಂಡೋಗಾಕೆ ಬಂದವ್ಳಲ್ಲ, ಕೊಡು."

"ಎರಡೂ ಮಾಡಲ್ಲ ಅಕ್ಕ."

"ಅಮ್ಮನ್ ಮೇಲೆ ನಂಬಿಕೆ ಇಲ್ದೋಳಿಗೆ ಕೆಂಪು ಸೀರೆ ಯಾತಕ್ಕೆ?"

ಕದಿರಮ್ಮ ಕೂತಲ್ಲಿಂದಲೇ ಸೆರಗಿನ ಗಂಟು ಬಿಚ್ಚಿದಳು. ಕಪ್ಪಾದ ಕುಂಕುಮದ ಆ ಹಾಳೆಯನ್ನು ಅಂಗೈ ಮೇಲಿಟ್ಟು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಇದು ನನ್ ಸೆಲ್ವೀದು. ಎರಡ್ನೇ ಬಾಣಂತನದಿಂದ ಒಂದಿನಾನೂ ತಪ್ಪಿಸ್ದೆ ನುಂಗ್ತಿದ್ಲು. ಓದ್ ವರ್ಷ ಮಾಲೆ ಆಕ್ಕೊಂಡಾಗ ನನ್ನ ಕೇಳಿದ್ಲು, ಏನಮ್ಮಾ ಮಾಡ್ಲಿ ಅಂತ. ಮಂಡ್ಲ ಮುಗಿಯೋಗಂಟ ಅಮ್ಮನ್ ಪಾದದತ್ರ ಇಡು, ಅವಳು ನೋಡ್ಕೊಳ್ತಾಳೆ ಅಂದೆ. ನಾನೇ ಅಂದಿದ್ದು. ಈ ಕುಂಕುಮ ಹಚ್ಚಿದ್ದೂ ನಾನೇ. ಬೀಪಿ ಮಿಷಿನ್ ಹೆಗಲಿಗಾಕ್ಕೊಂಡು ಊರೆಲ್ಲ ತಿರುಗೋಳು ನಾನು, ನನ್ ಮಗಳ ಮನೆ ಮುಂದೆ ನಿಂತ್ಕೊಂಡು ಬೀಗ ಅಂತ ಬರ‍್ಕೊಂಡು ಬತ್ತಿದ್ದೆ. ಮೂವತ್ತೊಂದ್ನೇ ದಿನ ಇದೇ ಗಾಡಿ ಇಳ್ದು ಪ್ಲಾಟ್‌ಫಾರ್ಮ್ ಮೇಲೆ ಬಿದ್ಲು. ಬಾಯಿ ಒಂದು ಕಡೆಗೋಗಿತ್ತು. ಮೂರ್ ದಿನ ಇದ್ಲು."

ಆ ಮಾತನ್ನು ಅವಳು ಒಂದು ನರಪಿಳ್ಳೆಯ ಮುಂದೂ ಆಡಿದವಳಲ್ಲ. ಅಳಿಯನಿಗೆ ಕೂಡ ಗೊತ್ತಿರಲಿಲ್ಲ.

"ಅಮ್ಮ ತಗೊಂಡೋದ್ಲು ಅಂತ ಜನ ಅಂತಾರೆ. ನಾನು ಒಪ್ಪಲ್ಲ. ತಪ್ಪು ನನ್ ಬಾಯೀದು, ಅದನ್ನ ಅವಳ ತಲೆಗೆ ಕಟ್ಟೋಕೆ ನಾನು ಬಿಡಲ್ಲ. ನಂಬಿಕೆ ಇಲ್ದೋಳು ಅಂದ್ಯಲ್ಲ ಅಕ್ಕ. ನಂಬಿಕೆ ಇರೋದ್ಕೇ ಈ ಸೀರೆ ಉಟ್ಕೊಂಡು ಬಂದಿದ್ದೀನಿ. ತೀರ್ಥ ಆಕು."

ಅವಳು ಚೀಲದ ಪಕ್ಕದ ಜೇಬಿನಿಂದ ತಾನು ದಿನವೂ ನುಂಗುವ ಬೀಪಿ ಮಾತ್ರೆಯೊಂದನ್ನು ಬಿಡಿಸಿ ನಾಲಿಗೆಯ ಮೇಲಿಟ್ಟುಕೊಂಡು ಬಲಗೈ ಗುಳಿ ಮಾಡಿ ಚಾಚಿದಳು. ತೀರ್ಥ ಕೇಳಿ ಚಾಚಿದ ಕೈಗೆ ಇಲ್ಲವೆನ್ನುವಂತಿಲ್ಲ. ಅದು ಇಪ್ಪತ್ತೊಂದು ವರ್ಷದಿಂದ ಅಮ್ಮಾಜಮ್ಮನೇ ಎಲ್ಲರಿಗೂ ಹೇಳಿಕೊಂಡು ಬಂದ ಮಾತು. ಅಮ್ಮಾಜಮ್ಮನ ದವಡೆ ಬಿಗಿದುಕೊಂಡಿತು. ಆದರೂ ತಂಬಿಗೆ ಬಾಗಿತು. ಕದಿರಮ್ಮ ತೀರ್ಥವನ್ನು ಕಣ್ಣಿಗೊತ್ತಿಕೊಂಡು ಮಾತ್ರೆಯ ಸಮೇತ ನುಂಗಿದಳು. ಒದ್ದೆ ಕೈಯನ್ನು ತಲೆಗೆ ಸವರಿಕೊಂಡಳು.

ಆಮೇಲೆ ಮುನಿಲಕ್ಷ್ಮಿಯ ಕಡೆ ತಿರುಗಿ, "ಸಕ್ತೀ, ತಂದಿದ್ದೀಯಾ?" ಎಂದು ಕೇಳಿದಳು.

ಮುನಿಲಕ್ಷ್ಮಿಯ ಕೈ ಬುತ್ತಿಚೀಲದೊಳಗೇ ಇತ್ತು. ಹೊರಗೆ ಬಂದಾಗ ಅದರಲ್ಲಿ ಮಾತ್ರೆಯ ಹಾಳೆ ಇತ್ತು. ಅವಳು ಒಮ್ಮೆ ಪಟದ ಕಡೆ ನೋಡಿದಳು, ಒಮ್ಮೆ ಕದಿರಮ್ಮನ ಅಂಗೈಯಲ್ಲಿದ್ದ ಸೆಲ್ವಿಯ ಹಾಳೆಯ ಕಡೆ ನೋಡಿದಳು. ಒಂದು ಮಾತ್ರೆ ಒತ್ತಿ ತೆಗೆದು ಬಾಯಿಗೆ ಹಾಕಿಕೊಂಡು, "ನಂಗೂ ಆಕು ಸಕ್ತಿ," ಎಂದು ಅಮ್ಮಾಜಮ್ಮನ ಮುಂದೆ ಬೊಗಸೆ ಒಡ್ಡಿದಳು. ಅಮ್ಮಾಜಮ್ಮ ಅದಕ್ಕೂ ತೀರ್ಥ ಹಾಕಿದಳು. ಹಾಕಿ, ತಂಬಿಗೆಯನ್ನು ಎದೆಗೆ ಅವುಚಿಕೊಂಡು ಮುಖ ತಿರುಗಿಸಿ ಕೂತಳು.

ಉಳಿದ ಹೊತ್ತಿನಲ್ಲಿ ಸಹನ ಕದಿರಮ್ಮನ ಚೀಲದಿಂದ ಮಿಷಿನ್ನು ತೆಗೆದಳು. ಎಲ್ಲರೂ ಅವಳು ಅದನ್ನು ಹೊತ್ತುಕೊಂಡು ಇಳಿಯುತ್ತಾಳೆಂದೇ ತಿಳಿದರು. ಅವಳು ಎದುರಿಗೆ ಕೂತಿದ್ದವಳ ತೋಳಿಗೆ ಪಟ್ಟಿ ಸುತ್ತಿ, "ಅಮ್ಮ, ನೀವು ಬರ‍್ಕೊಳ್ಳಿ," ಎಂದಳು. ಕದಿರಮ್ಮ ಪುಸ್ತಕ ತೆರೆದಳು. ಬೀಗವೆಂದು ಬರೆಯಬೇಕಾದ ಕಡೆಯಲ್ಲೆಲ್ಲ ‘ಮೂರನೇ ಡಬ್ಬಿ’ ಎಂದು ಬರೆದು ಅದರ ಮುಂದೆ ಅಂಕಿ ಬರೆಯುತ್ತ ಹೋದಳು. ಗಾಡಿ ಕೂಗು ಹಾಕುವ ಹೊತ್ತಿಗೆ ಆರು ಜನರದ್ದು ಮುಗಿದಿತ್ತು.

ಇಬ್ಬರೂ ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತರು.

"ಸಾರ್‌ಗೆ ಏನಂತ ಏಳ್ತೀಯ?"

"ಕೊಡಲಿಲ್ಲ ಅಂತ ಹೇಳ್ತೀನಿ. ಇಷ್ಟು ಜನ ಮಾತ್ರೆ ಬಿಟ್ಟವ್ರೆ ಅಂತ ಪುಸ್ತಕಾನೂ ತೋರಿಸ್ತೀನಿ. ಇವರಿಗೆ ಭಾನುವಾರ ಬಿಟ್ರೆ ಆಸ್ಪತ್ರೆಗೆ ಹೋಗೋಕೆ ಆಗಲ್ಲ, ಭಾನುವಾರ ಯಾರನ್ನಾದ್ರೂ ಕೂರಿಸಿ ಅಂತ ಕೇಳ್ತೀನಿ."

"ಬೈತಾನೆ."

"ಬೈಲಿ ಬಿಡಿ. ನಿಮ್ಮನ್ನ ನೋಡಿ ಬಂದಿದ್ದೀನಲ್ಲ, ಬೈಸ್ಕೊಳ್ಳೋದು ನಂಗೂ ಸ್ವಲ್ಪ ಅಭ್ಯಾಸ ಆಯ್ತು."

ಮೂರನೆಯ ದಿನ ಕೋರಮಂಡಲ್‌ನಲ್ಲಿ ಗಾಡಿ ನಿಂತಾಗ ಮೂರನೆಯ ಡಬ್ಬಿಯ ಕಿಟಕಿಯಲ್ಲಿ ಪಟವಿರಲಿಲ್ಲ. ತಾಳದ ಸದ್ದೂ ಇರಲಿಲ್ಲ. ಬಾಗಿಲಲ್ಲಿದ್ದವಳು ಕೈ ಕೊಟ್ಟು ಹತ್ತಿಸಿಕೊಂಡು, "ನಮ್ಗೆ ಮಾಲೆ ಆಕಿದ್ ಅಕ್ಕ ಪಟ ಬಿಚ್ಕೊಂಡು ಐದ್ನೇ ಡಬ್ಬಿಗೋದ್ರು. ಅದ್ನಾಲ್ಕು ಜನ ಅವ್ರಿಂದೆ ಓದ್ರು," ಎಂದಳು. ಮೊದಲಿನ ಕಳೆಯಿಲ್ಲದ ಆ ಡಬ್ಬಿಯಲ್ಲಿ ಉಳಿದವರು ಕದಿರಮ್ಮನ ಮುಖವನ್ನೇ ನೋಡುತ್ತಿದ್ದರು. ಅವಳಿಗೂ ಒಳಗೆ ನೋವಾಯಿತು. ಅಮ್ಮನ ಪಟವಿಲ್ಲದ ಕಿಟಕಿಯ ಕಡೆಗೆ ಕೈ ಮುಗಿದು, "ತಾಯೀ, ನೀನು ಎರಡು ಕಡೇನೂ ಇರ‍್ತೀಯಲ್ಲ," ಎಂದುಕೊಂಡಳು.

ಬಂಗಾರಪೇಟೆಯಲ್ಲಿ ಮುನಿಲಕ್ಷ್ಮಿ ಹತ್ತಿದಳು. ಅವಳ ಹಿಂದೆ ಸಹನ. ಸಹನಳ ಹೆಗಲಲ್ಲಿ ಇನ್ನೊಂದು ನೀಲಿ ಚೀಲವಿತ್ತು.

"ಸಾರ್ ಕೊಟ್ರಾ?"

"ಕೇಳಿದ್ರೆ ಇಲ್ಲ ಅಂತಿದ್ರು. ಅದಕ್ಕೆ ಕೇಳ್ಲಿಲ್ಲ."

ಕದಿರಮ್ಮ ಬಹಳ ದಿನದ ಮೇಲೆ ನಕ್ಕಳು. ಮೂರನೆಯ ಡಬ್ಬಿಯನ್ನು ಸಹನಳ ಕೈಗೆ ಬಿಟ್ಟು, ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಪ್ಲಾಟ್‌ಫಾರ್ಮಿಗೆ ಇಳಿದಳು. ಮುನಿಲಕ್ಷ್ಮಿ, "ನಾನೂ ಬತ್ತೀನಿ ತಾಳು ಅತ್ತೆ," ಎಂದು ಬುತ್ತಿಚೀಲವನ್ನು ಸೀಟಿನ ಮೇಲಿಟ್ಟು ಹಿಂದೆ ಬಂದಳು. ನಾಲ್ಕನೆಯ ಡಬ್ಬಿ ದಾಟಿ ಐದನೆಯದರ ಮೆಟ್ಟಿಲು ಹತ್ತಿದರು.

ಅಲ್ಲಿ ಕಿಟಕಿಗೆ ಪಟ ಕಟ್ಟಿತ್ತು, ಬೇವಿನೆಲೆ ಸಿಕ್ಕಿಸಿತ್ತು. ಹದಿನಾಲ್ಕು ಜನ ಕೆಂಪು ಸೀರೆಯವರು, ಅವರ ಸುತ್ತ ಇದುವರೆಗೂ ಭಜನೆಯ ಡಬ್ಬಿಯನ್ನು ಕಂಡಿರದ ಬೇರೆ ಊರುಗಳ ಹೆಂಗಸರು ಮೂವತ್ತಕ್ಕೂ ಹೆಚ್ಚು. ಕದಿರಮ್ಮ ತಲೆಗಳನ್ನು ಎಣಿಸಿಕೊಂಡಳು. ಅಮ್ಮಾಜಮ್ಮ ತಾಳ ಹಿಡಿದ ಕೈಯನ್ನು ಕೆಳಗಿಳಿಸಿದಳು.

"ಇಲ್ಲಿಗೂ ಬಂದ್ಯಾ ನೀನು?"

"ಬಾಗ್ಲು ತೆಗ್ದಿತ್ತಲ್ಲಕ್ಕ," ಎಂದು ಕದಿರಮ್ಮ ಪಟಕ್ಕೆ ಕೈ ಮುಗಿದು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಚೀಲದ ಬಾಯಿ ಬಿಚ್ಚಿದಳು. "ಬೀಗ ಆಕಿರಲಿಲ್ಲ."

ಉಳಿದ ತಾಳಗಳೂ ನಿಂತಿದ್ದವು. ಕದಿರಮ್ಮ ಗಡಿಯಾರ ನೋಡಿದಳು. ಅವಳ ಲೆಕ್ಕದಲ್ಲಿ ಆ ಐದು ನಿಮಿಷ ಆಗಲೇ ಶುರುವಾಗಿತ್ತು.